ಬಹಳ ವರ್ಷಗಳ ನಂತರ ಒಂದು ಸಣ್ಣ ಪಾತ್ರ: ಅಭಿನಯಕ್ಕೆ ಮರಳುವವರಿಗೆ ಮಾರ್ಗದರ್ಶಿ

ಅಭಿನಯವನ್ನು ಬಿಟ್ಟು ಹತ್ತು, ಹದಿನೈದು, ಇಪ್ಪತ್ತು ವರ್ಷ ಬೇರೆ ಬದುಕಿನಲ್ಲಿ ಮುಳುಗಿದ್ದವರು ಮತ್ತೆ ಬಣ್ಣ ಹಚ್ಚಲು ಮನಸ್ಸು ಮಾಡಿದಾಗ ಅವರ ಪಾಲಿಗೆ ಬರುವುದು ಹೆಚ್ಚಾಗಿ ಸಣ್ಣ ಪಾತ್ರವೇ. ಎರಡು ದೃಶ್ಯ, ಏಳೆಂಟು ಮಾತು, ಕೆಲವೊಮ್ಮೆ ಮಾತೇ ಇಲ್ಲದ ಒಂದು ಪ್ರವೇಶ. ಹಿಂದೆ ದೊಡ್ಡ ಪಾತ್ರಗಳನ್ನು ಮಾಡಿದವರಿಗೆ ಇದು ಕೊಂಚ ಕಸಿವಿಸಿ ಉಂಟುಮಾಡುವುದು ಸಹಜ. ಆದರೆ ಮರಳುವವರಿಗೆ ಇದಕ್ಕಿಂತ ಸೂಕ್ತವಾದ ಆರಂಭ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಸಣ್ಣ ಪಾತ್ರ ಕೇಳುವ ಏಕಾಗ್ರತೆ ದೊಡ್ಡ ಪಾತ್ರದಷ್ಟೇ ಇರುತ್ತದೆ, ಆದರೆ ಅದನ್ನು ಕಾಯ್ದುಕೊಳ್ಳಬೇಕಾದ ಅವಧಿ ಕಡಿಮೆ. ದೇಹ, ದನಿ, ನೆನಪು ಮೂರೂ ಇನ್ನೂ ಹದಕ್ಕೆ ಬರುತ್ತಿರುವ ಹೊತ್ತಿನಲ್ಲಿ ಈ ಅಳತೆ ತುಂಬ ಉಪಕಾರಿ.

1897ರಲ್ಲಿ ರಷ್ಯಾದ ರಂಗಕರ್ಮಿಗಳಾದ ಸ್ತಾನಿಸ್ಲಾವ್ಸ್ಕಿ ಮತ್ತು ನೆಮಿರೊವಿಚ್ ದಾಂಚೆಂಕೊ ಹದಿನೆಂಟು ಗಂಟೆಗಳ ಕಾಲ ಕುಳಿತು ಮುಂದಿನ ವರ್ಷ ಆರಂಭವಾಗಲಿದ್ದ ಮಾಸ್ಕೋ ಆರ್ಟ್ ಥಿಯೇಟರ್‌ನ ರೂಪರೇಷೆಯನ್ನು ಮಾತನಾಡಿಕೊಂಡಾಗ, ಇಂದು ನಾಯಕನ ಪಾತ್ರ ಮಾಡಿದವರು ನಾಳೆ ಗುಂಪಿನಲ್ಲಿ ಒಬ್ಬರಾಗಿ ನಿಲ್ಲಲು ಸಿದ್ಧರಿರಬೇಕು, ಅಲ್ಲಿಯೂ ಕಲಾವಿದರಾಗಿಯೇ ಇರಬೇಕು ಎಂಬುದನ್ನು ತಮ್ಮ ತಂಡದ ತತ್ತ್ವವನ್ನಾಗಿ ಒಪ್ಪಿಕೊಂಡರು. ಸಣ್ಣ ಪಾತ್ರದ ಬೆಲೆಗೆ ಚಲನಚಿತ್ರದಲ್ಲಿಯೂ ಸಾಕ್ಷಿಗಳಿವೆ. ಬಿಯಾಟ್ರಿಸ್ ಸ್ಟ್ರೇಟ್ 1976ರ ಒಂದು ಚಿತ್ರದಲ್ಲಿ ತೆರೆಯ ಮೇಲೆ ಇದ್ದದ್ದು ಸುಮಾರು ಐದು ನಿಮಿಷ. ಜೂಡಿ ಡೆಂಚ್ 1998ರ ಚಿತ್ರವೊಂದರಲ್ಲಿ ರಾಣಿಯಾಗಿ ಕಾಣಿಸಿಕೊಂಡದ್ದು ಸುಮಾರು ಎಂಟು ನಿಮಿಷ. ಇಬ್ಬರಿಗೂ ಪೋಷಕ ನಟಿಯ ಆಸ್ಕರ್ ಬಂದಿತು. ಪ್ರಶಸ್ತಿಯ ಆಸೆ ಹುಟ್ಟಿಸಲು ಇದನ್ನು ಹೇಳುತ್ತಿಲ್ಲ. ಐದು ನಿಮಿಷದಲ್ಲಿ ಒಬ್ಬ ಇಡೀ ಮನುಷ್ಯನನ್ನು ತೋರಿಸಲು ಸಾಧ್ಯವೆಂಬುದು ಮರಳುವವರ ಮನಸ್ಸಿನಲ್ಲಿ ಮೊದಲೇ ಗಟ್ಟಿಯಾಗಿರಬೇಕು, ಏಕೆಂದರೆ ಮುಂದಿನ ಸಿದ್ಧತೆಯೆಲ್ಲ ಆ ನಂಬಿಕೆಯ ಮೇಲೆಯೇ ನಿಂತಿದೆ.

ಒಪ್ಪಿಕೊಳ್ಳುವ ಮೊದಲು

ಪಾತ್ರ ಒಪ್ಪಿಕೊಳ್ಳುವ ಮೊದಲು ಇಡೀ ಕೃತಿಯನ್ನು ಓದಲು ಕೇಳಿ. ಸಣ್ಣ ಪಾತ್ರಧಾರಿಗಳಿಗೆ ಅವರ ದೃಶ್ಯದ ಪುಟಗಳನ್ನಷ್ಟೇ ಕೊಡುವ ರೂಢಿ ಹಲವು ಕಡೆ ಇದೆ. ಪೂರ್ತಿ ಓದಲು ಸಿಗದಿದ್ದರೆ ಕನಿಷ್ಠ ನಿಮ್ಮ ದೃಶ್ಯದ ಹಿಂದಿನ ಮತ್ತು ಮುಂದಿನ ದೃಶ್ಯಗಳಲ್ಲಿ ಏನಾಗುತ್ತದೆ ಎಂಬುದನ್ನು ನಿರ್ದೇಶಕರಿಂದ ಕೇಳಿ ತಿಳಿದುಕೊಳ್ಳಿ. ಹಾಗೆಯೇ ಎಷ್ಟು ದಿನ ಬೇಕು, ದಿನಕ್ಕೆ ಎಷ್ಟು ಹೊತ್ತು, ರಾತ್ರಿಯ ಕೆಲಸವಿದೆಯೇ, ಮೆಟ್ಟಿಲು ಹತ್ತುವುದು, ಬೀಳುವುದು, ನೆಲದ ಮೇಲೆ ಕೂತು ಏಳುವುದು, ಯಾರನ್ನಾದರೂ ಎತ್ತುವುದು ಇದೆಯೇ ಎಂಬುದನ್ನು ಸ್ಪಷ್ಟವಾಗಿ ಕೇಳಬೇಕು. ಮೊಣಕಾಲು ನೋಯುತ್ತದೆ ಎಂದು ಮೊದಲೇ ಹೇಳಿದರೆ ನಿರ್ದೇಶಕರು ಒಂದು ಕುರ್ಚಿ ಇಟ್ಟು ದೃಶ್ಯವನ್ನು ಸಂಯೋಜಿಸುತ್ತಾರೆ; ಅದೇ ಮಾತನ್ನು ಚಿತ್ರೀಕರಣದ ದಿನ ಹೇಳಿದರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಇನ್ನೊಂದು ಪ್ರಶ್ನೆಯನ್ನು ನಿಮ್ಮನ್ನೇ ಕೇಳಿಕೊಳ್ಳಬೇಕು. ಈ ಕೆಲಸವನ್ನು ಮಾಡಲು ಮನಸ್ಸಾಗಿದೆಯೋ, ಅಥವಾ ಹಿಂದೆ ಸಿಕ್ಕಿದ ಮನ್ನಣೆ ಮತ್ತೆ ಸಿಗಲಿ ಎಂಬ ಆಸೆಯೋ? ಎರಡನೆಯದು ತಪ್ಪೇನಲ್ಲ, ಮನುಷ್ಯರಿಗೆ ಇರುವಂಥದ್ದೇ. ಆದರೆ ಒಂದು ಸಣ್ಣ ಪಾತ್ರ ಅದನ್ನು ಪೂರೈಸಲಾರದು, ಆ ನಿರೀಕ್ಷೆಯನ್ನು ಹೊತ್ತುಕೊಂಡು ಹೋದವರು ಎಂಟು ಮಾತಿನ ಪಾತ್ರದೊಳಗೆ ತಮ್ಮ ಹಳೆಯ ಸಾಮರ್ಥ್ಯವನ್ನೆಲ್ಲ ತುರುಕಲು ನೋಡುತ್ತಾರೆ. ಅದು ನೋಡುವವರಿಗೆ ಕೂಡಲೇ ತಿಳಿದುಬಿಡುತ್ತದೆ. ಕೆಲಸದ ಆಸೆಯೇ ಮುಂದೆ ನಿಂತಿದ್ದರೆ ಹಿಂಜರಿಯದೆ ಒಪ್ಪಿಕೊಳ್ಳಿ.

ಬಿಡುವಿನ ವರ್ಷಗಳು ವ್ಯರ್ಥವಾದವೆಂಬ ಭಾವನೆಯನ್ನೂ ಇಲ್ಲಿಯೇ ಬಗೆಹರಿಸಿಕೊಳ್ಳುವುದು ಒಳ್ಳೆಯದು. 1980ರ ದಶಕದಲ್ಲಿ ಬಾಲನಟನಾಗಿ ಹೆಸರು ಮಾಡಿದ ಕೀ ಹುಯ್ ಕ್ವಾನ್, ಬೆಳೆದ ಮೇಲೆ ಪಾತ್ರಗಳು ಸಿಗದೆ ಬಹಳ ವರ್ಷ ಕ್ಯಾಮೆರಾದ ಹಿಂದೆ ಸಾಹಸ ಸಂಯೋಜನೆಯಂಥ ಕೆಲಸಗಳನ್ನು ಮಾಡಿ, ಮರಳಿ ಬಂದು 2023ರಲ್ಲಿ ಪೋಷಕ ನಟನ ಆಸ್ಕರ್ ಪಡೆದರು. ಎಲ್ಲರ ಬಿಡುವಿನ ಕೆಲಸವೂ ಸಿನಿಮಾಕ್ಕೆ ಇಷ್ಟು ಹತ್ತಿರದ್ದಾಗಿರುವುದಿಲ್ಲ. ಆದರೂ ಶಾಲೆಯಲ್ಲಿ ಪಾಠ ಹೇಳಿದವರು, ರೋಗಿಗಳನ್ನು ನೋಡಿಕೊಂಡವರು, ಮನೆಯ ಹಿರಿಯರ ಆರೈಕೆ ಮಾಡಿದವರು ಮನುಷ್ಯರ ನಡವಳಿಕೆಯನ್ನು ಬಹಳ ಹತ್ತಿರದಿಂದ ಕಂಡಿರುತ್ತಾರೆ. ಆ ನೋಟವನ್ನು ಇಪ್ಪತ್ತೈದರ ಹರೆಯದ ನಟರಿಗೆ ಯಾವ ತರಬೇತಿಯೂ ಕೊಡಲಾರದು.

ದನಿಯನ್ನು ಮರಳಿ ಹದಗೊಳಿಸುವುದು

ಪಾತ್ರ ಸಿಕ್ಕಿದ ದಿನದಿಂದಲೇ ಆರಂಭಿಸಬೇಕಾದ ಕೆಲಸ ದನಿಯದು, ಏಕೆಂದರೆ ಉಳಿದೆಲ್ಲಕ್ಕಿಂತ ಹೆಚ್ಚು ಕಾಲ ಬೇಡುವುದು ಅದೇ. ದನಿ ಹುಟ್ಟುವುದು ಸ್ನಾಯುಗಳಿಂದ. ವಯಸ್ಸಾದಂತೆ ಧ್ವನಿತಂತುಗಳ ಸ್ನಾಯು ತೆಳುವಾಗುತ್ತದೆ, ಅವು ಮೊದಲಿನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಉಸಿರು ನಡುವೆ ಸೋರುತ್ತದೆ. ಸಾಮಾನ್ಯವಾಗಿ ಹೆಂಗಸರ ಮಾತಿನ ಶ್ರುತಿ ವಯಸ್ಸಿನೊಂದಿಗೆ ತಗ್ಗುತ್ತದೆ, ಗಂಡಸರದು ಇಳಿವಯಸ್ಸಿನಲ್ಲಿ ಕೊಂಚ ಏರುತ್ತದೆ. ಆದ್ದರಿಂದ ಹಳೆಯ ಧ್ವನಿಮುದ್ರಣವನ್ನು ಕೇಳಿ ಅದೇ ದನಿಯನ್ನು ಹೊರಡಿಸಲು ಹೋಗುವುದು ಗಂಟಲಿಗೆ ಅಪಾಯ. ಈಗಿನ ದನಿ ಯಾವುದೋ ಅದನ್ನು ಗಟ್ಟಿಗೊಳಿಸುವುದೇ ಗುರಿ.

ಸಾಧ್ಯವಾದರೆ ಆರರಿಂದ ಎಂಟು ವಾರ ಮೊದಲೇ ಆರಂಭಿಸಿ, ದಿನಕ್ಕೆ ಹತ್ತು ಹತ್ತು ನಿಮಿಷ ಎರಡು ಸಲ ಅಭ್ಯಾಸ ಮಾಡಿ. ಒಮ್ಮೆಗೇ ಒಂದು ಗಂಟೆ ಕೂಗುವುದಕ್ಕಿಂತ ಇದು ಎಷ್ಟೋ ಮೇಲು. ಮೊದಲು ಉಸಿರು: ಬೆನ್ನು ನೇರವಾಗಿಟ್ಟು, ಪಕ್ಕೆಲುಬುಗಳು ಬದಿಗೆ ಅರಳುವಂತೆ ಉಸಿರು ತೆಗೆದುಕೊಂಡು, 'ಸ್' ಎಂಬ ಸದ್ದಿನಲ್ಲಿ ಒಂದೇ ಸಮನಾಗಿ ಹೊರಬಿಡಿ. ಅನಂತರ ತುಟಿ ಮುಚ್ಚಿ ಗುಂಯ್‌ಗುಡುವುದು, ತುಟಿಗಳನ್ನು ಅದುರಿಸುತ್ತ ಸ್ವರವನ್ನು ಮೇಲಕ್ಕೂ ಕೆಳಕ್ಕೂ ಜಾರಿಸುವುದು. ಇವುಗಳ ಜೊತೆಗೆ, ಧ್ವನಿವಿಜ್ಞಾನಿ ಇಂಗೊ ಟಿಟ್ಸೆ ಬಹಳವಾಗಿ ಪ್ರಚಾರಕ್ಕೆ ತಂದ ಸ್ಟ್ರಾ ಅಭ್ಯಾಸವನ್ನು ನಾನು ವಿಶೇಷವಾಗಿ ಸೂಚಿಸುತ್ತೇನೆ. ಕುಡಿಯುವ ಸ್ಟ್ರಾ ಒಂದನ್ನು ತುಟಿಗಳ ನಡುವೆ ಹಿಡಿದು, ಅದರ ಮೂಲಕ ಸ್ವರ ಹೊರಡಿಸುತ್ತ ಕೆಳಸ್ಥಾಯಿಯಿಂದ ಮೇಲಕ್ಕೆ ಹೋಗಿ ಮರಳುವುದು. ಲೋಟದ ನೀರಿನಲ್ಲಿ ಸ್ಟ್ರಾದ ತುದಿಯನ್ನು ಎರಡು ಮೂರು ಸೆಂಟಿಮೀಟರ್ ಅದ್ದಿ, ಗುಳ್ಳೆ ಬರಿಸುತ್ತಲೂ ಇದನ್ನು ಮಾಡಬಹುದು. ಬಾಯಿಯ ದಾರಿ ಕಿರಿದಾದಾಗ ಧ್ವನಿತಂತುಗಳ ಮೇಲೆ ಹಿಮ್ಮುಖವಾಗಿ ಸ್ವಲ್ಪ ಒತ್ತಡ ಬೀಳುತ್ತದೆ, ಅದರಿಂದ ಅವು ಪರಸ್ಪರ ಜೋರಾಗಿ ಬಡಿದುಕೊಳ್ಳದೆಯೇ ಚೆನ್ನಾಗಿ ಕಂಪಿಸುತ್ತವೆ. ಬಹುಕಾಲ ಕೆಲಸವಿಲ್ಲದ ಗಂಟಲಿಗೆ ಇದಕ್ಕಿಂತ ಮೃದುವಾದ ವ್ಯಾಯಾಮ ನನಗೆ ಗೊತ್ತಿಲ್ಲ.

ಮೂರನೆಯ ವಾರದಿಂದ ಗಟ್ಟಿಯಾಗಿ ಓದಲು ಆರಂಭಿಸಿ. ಪಾತ್ರದ ಮಾತುಗಳನ್ನು ಈಗಲೇ ಮುಟ್ಟಬೇಡಿ. ಬೇರೆ ಗದ್ಯವನ್ನು, ಉದ್ದ ವಾಕ್ಯಗಳಿರುವ ಪುಟಗಳನ್ನು ಓದಿ, ವಾಕ್ಯದ ಕೊನೆಯ ಪದದವರೆಗೂ ಉಸಿರು ಉಳಿಯುತ್ತದೆಯೇ ನೋಡಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ, ಆದ್ದರಿಂದ ಕೊನೆಯಲ್ಲಿ ದನಿ ಇಳಿದುಹೋದರೆ ಏನಾಯಿತು ಎಂಬುದೇ ಕೇಳುಗರಿಗೆ ತಲುಪುವುದಿಲ್ಲ. ಅಲ್ಪಪ್ರಾಣ, ಮಹಾಪ್ರಾಣಗಳ ವ್ಯತ್ಯಾಸ, ಒತ್ತಕ್ಷರಗಳ ಬಿಗಿ, 'ಳ'ಕಾರ 'ಣ'ಕಾರಗಳು ಬಿಡುವಿನ ವರ್ಷಗಳಲ್ಲಿ ಸಡಿಲವಾಗಿರುತ್ತವೆ. ಅವುಗಳನ್ನು ನಿಧಾನವಾಗಿ ಉಚ್ಚರಿಸಿ ಬಿಗಿ ಮಾಡಿಕೊಳ್ಳಿ. ಅಭ್ಯಾಸದ ಮರುದಿನ ಗಂಟಲು ಕರಕರ ಎಂದರೆ ಒಂದು ದಿನ ಬಿಡುವು ಕೊಡಿ. ಎರಡು ಮೂರು ವಾರವಾದರೂ ದನಿ ಒಡೆದೇ ಇದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರನ್ನು ಕಾಣಬೇಕು, ಕಷಾಯದಲ್ಲಿ ಕಾಲ ಕಳೆಯಬಾರದು.

ಬ್ರಿಟನ್ನಿನ ನಟಿ ಗ್ಲೆಂಡಾ ಜಾಕ್ಸನ್ ಮರಳಿ ಬಂದ ಬಗೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 1992ರಲ್ಲಿ ಬ್ರಿಟನ್ನಿನ ಸಂಸತ್ತಿಗೆ ಆಯ್ಕೆಯಾದಾಗ ಅಭಿನಯವನ್ನು ಬಿಟ್ಟ ಅವರು, 2015ರಲ್ಲಿ ರಾಜಕೀಯದಿಂದ ಹೊರಬಂದ ಮೇಲೆ ಮೊದಲು ಮಾಡಿದ್ದು ಬಿಬಿಸಿಯ ರೇಡಿಯೊ ನಾಟಕ. 2016ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ಲಿಯರ್ ರಾಜನ ಪಾತ್ರ ಮಾಡಿದ್ದು ಅದರ ನಂತರ. ನಿಮಗೂ ಧ್ವನಿಪಾತ್ರ, ಕಥಾವಾಚನ, ಡಬ್ಬಿಂಗ್‌ನಂಥ ಅವಕಾಶ ಮೊದಲು ಸಿಕ್ಕರೆ ಬಿಡಬೇಡಿ. ವೇಷ, ಚಲನೆ, ನೋಟಗಳ ಚಿಂತೆಯಿಲ್ಲದೆ ಮಾತಿನ ಮೇಲಷ್ಟೇ ಮನಸ್ಸಿಡುವ ಅವಕಾಶ ಅದು.

ದೇಹ, ಕಣ್ಣು ಮತ್ತು ಹೊಸ ಅಳತೆ

ದೇಹದ ಸಿದ್ಧತೆ ಅಷ್ಟು ಜಟಿಲವಲ್ಲ. ದಿನವೂ ನಡಿಗೆ, ಕುರ್ಚಿಯಿಂದ ಕೈ ಊರದೆ ಏಳುವ ಅಭ್ಯಾಸ, ಕತ್ತು ಭುಜಗಳ ಸಡಿಲಿಕೆ, ಒಂದೇ ಕಡೆ ಅಲುಗಾಡದೆ ಐದು ನಿಮಿಷ ನಿಲ್ಲುವ ಅಭ್ಯಾಸ ಇಷ್ಟಿದ್ದರೆ ಸಣ್ಣ ಪಾತ್ರಕ್ಕೆ ಸಾಲುತ್ತದೆ. ಕೊನೆಯದು ಕಾಣುವುದಕ್ಕಿಂತ ಕಷ್ಟ, ಆದರೆ ಸಣ್ಣ ಪಾತ್ರಧಾರಿ ದೃಶ್ಯದಲ್ಲಿ ಬಹಳ ಹೊತ್ತು ಮಾಡುವುದು ಅದನ್ನೇ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಂಜಾಗುವುದು ಸಾಮಾನ್ಯವಾದ್ದರಿಂದ ಪಾತ್ರದ ಪುಟಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಳ್ಳಿ. ಪಾತ್ರಕ್ಕೆ ಕನ್ನಡಕವಿಲ್ಲದಿದ್ದರೆ ಕನ್ನಡಕ ತೆಗೆದು ನಡೆದಾಡುವ ಅಭ್ಯಾಸವನ್ನು ತಾಲೀಮಿನಲ್ಲಿಯೇ ಮಾಡಿಕೊಳ್ಳಿ, ರಂಗದ ಮೇಲಿನ ಕತ್ತಲೆಯಲ್ಲಿ ಮೆಟ್ಟಿಲು ಹುಡುಕುವ ಪರಿಸ್ಥಿತಿ ಬರಬಾರದು. ವಸ್ತ್ರವಿನ್ಯಾಸಕರಿಗೆ ಈಗ ತೆಗೆದ ಅಳತೆಯನ್ನೇ ಕೊಡಿ, ನೆನಪಿನಲ್ಲಿರುವ ಹಳೆಯ ಅಳತೆಯನ್ನಲ್ಲ. ಭಾವಚಿತ್ರದ ವಿಷಯದಲ್ಲೂ ಇದೇ ಮಾತು: ಕಳೆದ ಕೆಲವು ತಿಂಗಳುಗಳಲ್ಲಿ ತೆಗೆದ, ಈಗಿನ ಕೂದಲು, ಈಗಿನ ಮುಖದ ಗೆರೆಗಳು ಕಾಣುವ ಚಿತ್ರ ಬೇಕು. ನಿಮ್ಮನ್ನು ಆರಿಸುವವರಿಗೆ ಈ ಗೆರೆಗಳೇ ಬೇಕಾಗಿರುತ್ತವೆ.

ಈ ನಡುವೆ ಬದಲಾದದ್ದು

ಅಭಿನಯದ ಮೂಲ ಬದಲಾಗಿಲ್ಲ, ಅದರ ಸುತ್ತಲಿನ ಕ್ರಮಗಳು ಬಹಳ ಬದಲಾಗಿವೆ. ಆಯ್ಕೆಗೆ ಹೋಗಿ ಎದುರು ನಿಲ್ಲುವ ಬದಲು ಮನೆಯಲ್ಲಿಯೇ ಮೊಬೈಲ್‌ನಲ್ಲಿ ಚಿತ್ರಿಸಿ ಕಳಿಸುವ ಸೆಲ್ಫ್ ಟೇಪ್ ಈಗ ಸರ್ವೇಸಾಮಾನ್ಯ. ಮೊಬೈಲನ್ನು ಅಡ್ಡಲಾಗಿ, ಕಣ್ಣಿನ ಎತ್ತರಕ್ಕೆ, ಅಲುಗದಂತೆ ನಿಲ್ಲಿಸಿ. ಬೆಳಕು ಮುಂದಿನಿಂದ ಬರಲಿ, ಹಿಂದೆ ಖಾಲಿ ಗೋಡೆಯಿರಲಿ. ಎದುರು ಪಾತ್ರದ ಮಾತುಗಳನ್ನು ಓದುವವರು ಕ್ಯಾಮೆರಾದ ಪಕ್ಕದಲ್ಲೇ ನಿಂತು ನಿಮಗಿಂತ ತಗ್ಗಿದ ದನಿಯಲ್ಲಿ ಓದಲಿ. ಕೇಳಿದ ಉದ್ದಕ್ಕಿಂತ ಹೆಚ್ಚು ಕಳಿಸಬೇಡಿ. ಹಿಂದೆ ಫಿಲ್ಮ್ ರೀಲಿನ ಖರ್ಚಿನ ಭಯದಿಂದ ಟೇಕ್‌ಗಳ ಲೆಕ್ಕ ಇಡುತ್ತಿದ್ದವರಿಗೆ ಡಿಜಿಟಲ್ ಚಿತ್ರೀಕರಣದಲ್ಲಿ ನಿರ್ದೇಶಕರು ಕ್ಯಾಮೆರಾ ನಿಲ್ಲಿಸದೆಯೇ ಅದೇ ಮಾತನ್ನು ನಾಲ್ಕಾರು ಸಲ ಹೇಳಿಸುವುದು ಹೊಸದಾಗಿ ಕಾಣಬಹುದು. ತಪ್ಪಾಯಿತೆಂದು ಅದರ ಅರ್ಥವಲ್ಲ, ಸಂಕಲನಕ್ಕೆ ಆಯ್ಕೆಗಳು ಬೇಕಾಗಿರುತ್ತವೆ, ಅಷ್ಟೇ.

ಒಪ್ಪಂದದ ಪತ್ರದಲ್ಲಿ ಹಿಂದೆ ಇಲ್ಲದಿದ್ದ ಒಂದು ಅಂಶವನ್ನು ಈಗ ಎಚ್ಚರದಿಂದ ಓದಬೇಕು. ನಿಮ್ಮ ಮುಖವನ್ನು ಸ್ಕ್ಯಾನ್ ಮಾಡಿ ಅಥವಾ ದನಿಯನ್ನು ಸಂಗ್ರಹಿಸಿ, ಅದರಿಂದ ಕೃತಕ ಬುದ್ಧಿಮತ್ತೆಯ ಮೂಲಕ ಹೊಸ ದೃಶ್ಯವನ್ನೋ ಮಾತನ್ನೋ ತಯಾರಿಸುವುದು ಸಾಧ್ಯವಾಗಿದೆ. 2023ರಲ್ಲಿ ಅಮೆರಿಕದ ನಟರ ಸಂಘ 118 ದಿನ ಮುಷ್ಕರ ಹೂಡಿದಾಗ ಮುಖ್ಯ ಬೇಡಿಕೆಗಳಲ್ಲಿ ಒಂದು ಇದಕ್ಕೆ ಸಂಬಂಧಿಸಿದ್ದು. ಕೊನೆಗೆ ಬಂದ ಒಪ್ಪಂದದಲ್ಲಿ ಡಿಜಿಟಲ್ ಪ್ರತಿರೂಪಕ್ಕೆ ನಟರ ಒಪ್ಪಿಗೆ ಮತ್ತು ಸಂಭಾವನೆಯ ನಿಯಮಗಳು ಸೇರಿದವು. ಹಿನ್ನೆಲೆಯಲ್ಲಿ ನಿಲ್ಲುವವರು ಮತ್ತು ಸಣ್ಣ ಪಾತ್ರದವರೇ ಈ ವಿಷಯದಲ್ಲಿ ಹೆಚ್ಚು ಅಸುರಕ್ಷಿತರು, ಏಕೆಂದರೆ ಅವರನ್ನು ಮತ್ತೆ ಕರೆಸುವುದಕ್ಕಿಂತ ಅವರ ಪ್ರತಿರೂಪವನ್ನು ಬಳಸುವುದು ಅಗ್ಗ. ನಿಮ್ಮ ರೂಪ ಮತ್ತು ದನಿ ಈ ಕೃತಿಗೆ, ನೀವು ಅಭಿನಯಿಸಿದ ಭಾಗಕ್ಕೆ ಮಾತ್ರ ಬಳಕೆಯಾಗುತ್ತದೆ ಎಂಬುದು ಬರಹದಲ್ಲಿರಲಿ. ಅರ್ಥವಾಗದ ಸಾಲಿದ್ದರೆ ಸಹಿ ಹಾಕುವ ಮೊದಲು ಕಲಾವಿದರ ಸಂಘವನ್ನೋ ವಕೀಲರನ್ನೋ ಕೇಳಿ.

ಪಾತ್ರದ ಕೆಲಸ ಯಾವುದೆಂದು ಹುಡುಕುವುದು

ಇಡೀ ಸಿದ್ಧತೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಹಂತ ಇದು. ಪ್ರತಿಯೊಂದು ಸಣ್ಣ ಪಾತ್ರವೂ ಕಥೆಯಲ್ಲಿ ಒಂದು ನಿರ್ದಿಷ್ಟ ಕೆಲಸಕ್ಕಾಗಿ ಬರುತ್ತದೆ. ಸುದ್ದಿ ತಲುಪಿಸಲು, ಮುಖ್ಯ ಪಾತ್ರದ ದಾರಿಗೆ ಅಡ್ಡವಾಗಲು, ಅದರ ಗುಟ್ಟೊಂದನ್ನು ಬಯಲಿಗೆ ತರಲು, ಬಿಗಿಯಾದ ದೃಶ್ಯದ ನಡುವೆ ಪ್ರೇಕ್ಷಕರಿಗೆ ಉಸಿರಾಡಲು ಎಡೆಕೊಡಲು. ನಿಮ್ಮ ಪಾತ್ರವನ್ನು ತೆಗೆದುಹಾಕಿದರೆ ಕಥೆಯಲ್ಲಿ ಏನು ಕುಸಿಯುತ್ತದೆ ಎಂದು ಯೋಚಿಸಿ ನೋಡಿ. ಕುಸಿಯುವುದು ಯಾವುದೋ ಅದೇ ನಿಮ್ಮ ಕೆಲಸ. ಅದನ್ನು ಒಂದೇ ವಾಕ್ಯದಲ್ಲಿ ಪುಟದ ಮೇಲ್ತುದಿಯಲ್ಲಿ ಬರೆದುಕೊಳ್ಳಿ.

ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಒಂದು ವಸತಿ ಕಟ್ಟಡದ ರಾತ್ರಿ ಕಾವಲುಗಾರನ ಪಾತ್ರವಿದೆಯೆಂದಿಟ್ಟುಕೊಳ್ಳಿ. ನಡುರಾತ್ರಿಯಲ್ಲಿ ಗಂಡ ಓಡಿಬಂದು ತನ್ನ ಹೆಂಡತಿಯನ್ನು ಕಂಡಿರಾ ಎಂದು ಕೇಳುತ್ತಾನೆ. ಕಾವಲುಗಾರನಿಗೆ ಇರುವುದು ಮೂರು ಮಾತು: 'ಅವರು ಹೊರಟು ಒಂದು ಗಂಟೆಯಾಯಿತು ಸಾರ್.' 'ಒಬ್ಬರೇ ಹೋದರು.' 'ನಾನು ಕೇಳಿದೆ, ಏನೂ ಹೇಳಲಿಲ್ಲ.' ಕಥೆಗೆ ಈ ಪಾತ್ರದಿಂದ ಬೇಕಾದದ್ದು ಸ್ಪಷ್ಟ: ಹೆಂಡತಿ ನಿಜವಾಗಿ ಹೋಗಿಬಿಟ್ಟಿದ್ದಾಳೆ ಎಂಬುದು ಗಂಡನಿಗೆ ಖಚಿತವಾಗಬೇಕು. ಬಹಳ ಕಾಲದ ನಂತರ ಅಭಿನಯಿಸುವವರು ಇಲ್ಲಿ ಕೆಮ್ಮು, ಕುಂಟುನಡಿಗೆ, ವಿಚಿತ್ರವಾದ ಉಚ್ಚಾರ ಇವುಗಳನ್ನು ಸೇರಿಸಿ ಪಾತ್ರಕ್ಕೆ ಬಣ್ಣ ತುಂಬಲು ನೋಡುತ್ತಾರೆ. ಆಗ ಪ್ರೇಕ್ಷಕರ ಗಮನ ಗಂಡನ ಮುಖದಿಂದ ಕಾವಲುಗಾರನ ಕಾಲಿಗೆ ಹೋಗುತ್ತದೆ, ದೃಶ್ಯ ಕೆಡುತ್ತದೆ.

ಅದರ ಬದಲು ಸ್ತಾನಿಸ್ಲಾವ್ಸ್ಕಿ ನಟರಿಗೆ ಕಲಿಸಿದಂತೆ ಪಾತ್ರದ ಸನ್ನಿವೇಶವನ್ನು ಪ್ರಶ್ನೆಗಳಿಂದ ಕಟ್ಟಿಕೊಳ್ಳಿ. ಐದು ನಿಮಿಷ ಮೊದಲು ಕಾವಲುಗಾರ ಏನು ಮಾಡುತ್ತಿದ್ದ? ನಿದ್ದೆ ಹೋಗಿದ್ದನೇ? ಈ ಗಂಡನನ್ನು ಎಷ್ಟು ದಿನದಿಂದ ಬಲ್ಲ? ಆ ಹೆಂಗಸು ದಿನವೂ ಅವನನ್ನು ಮಾತನಾಡಿಸುತ್ತಿದ್ದಳೇ? ಈಗ ಈ ಮನುಷ್ಯನಿಂದ ಅವನಿಗೆ ಏನು ಬೇಕು? ಅವಳನ್ನು ತಡೆಯಬೇಕಿತ್ತು, ತಡೆಯಲಿಲ್ಲ, ಇದರಿಂದ ಕೆಲಸ ಹೋಗಬಹುದು ಎಂಬ ಹೆದರಿಕೆ ಅವನಿಗೆ ಇದೆ ಎಂದು ತೀರ್ಮಾನಿಸಿದಿರಿ ಎನ್ನಿ. ಕೂಡಲೇ ಮೂರು ಮಾತುಗಳಿಗೂ ಬೇರೆ ಬೇರೆ ತೂಕ ಬರುತ್ತದೆ. ಮೊದಲನೆಯದು ಮಾಹಿತಿ, ಎರಡನೆಯದು ಗಂಡನ ಮನಸ್ಸಿನ ಅನುಮಾನವನ್ನು ಊಹಿಸಿ ಕೊಟ್ಟ ಸಾಂತ್ವನ, ಮೂರನೆಯದು ತನ್ನ ಸಮರ್ಥನೆ. ಒಂದೂ ಹಾವಭಾವವನ್ನು ಸೇರಿಸದೆಯೇ ಅಲ್ಲೊಬ್ಬ ಮನುಷ್ಯ ನಿಂತಿದ್ದಾನೆ. ಈ ತೀರ್ಮಾನವನ್ನು ಯಾರಿಗೂ ಹೇಳಬೇಕಾಗಿಲ್ಲ. ನಿರ್ದೇಶಕರು ಬೇರೆ ದಿಕ್ಕು ತೋರಿಸಿದರೆ ಬದಲಿಸಿಕೊಳ್ಳಲು ಸಿದ್ಧರಿದ್ದರೆ ಸಾಕು.

ಸಣ್ಣ ಪಾತ್ರದ ದೊಡ್ಡ ಭಾಗ ಕೇಳುವುದರಲ್ಲಿ ಇರುತ್ತದೆ ಎಂಬುದನ್ನು ಮರೆಯಬಾರದು. ಎದುರಿನವರ ಮಾತನ್ನು ಪ್ರತಿ ಸಲವೂ ಹೊಸದಾಗಿ ಕೇಳಿಸಿಕೊಳ್ಳುವ ನಟ ಪಕ್ಕದಲ್ಲಿದ್ದರೆ ಮುಖ್ಯ ಪಾತ್ರಧಾರಿಯ ಅಭಿನಯವೂ ಮೇಲೇರುತ್ತದೆ. ಬದುಕಿನಲ್ಲಿ ಬಹಳಷ್ಟು ಜನರ ಮಾತು ಕೇಳಿ ಬಂದವರಿಗೆ ಈ ಶಕ್ತಿ ಹಿಂದಿಗಿಂತ ಈಗ ಹೆಚ್ಚಿರುತ್ತದೆ.

ಮಾತುಗಳನ್ನು ಮನಸ್ಸಿಗೆ ತಂದುಕೊಳ್ಳುವುದು

ನೆನಪು ಕೈಕೊಟ್ಟರೆ ಏನು ಗತಿ ಎಂಬುದು ಮರಳುವವರ ಸಾಮಾನ್ಯ ಆತಂಕ. ಹೆಲ್ಗಾ ನೊಯ್ಸ್ ಮತ್ತು ನಟರೂ ಆಗಿದ್ದ ಟೋನಿ ನೊಯ್ಸ್ ಎಂಬ ಸಂಶೋಧಕ ದಂಪತಿ ನಟರ ನೆನಪಿನ ಬಗ್ಗೆ ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಅನುಭವಿ ನಟರು ಪದಗಳನ್ನು ಉರುಹೊಡೆಯುವುದಕ್ಕಿಂತ ಹೆಚ್ಚಾಗಿ ಈ ಮಾತನ್ನು ಪಾತ್ರ ಏಕೆ ಆಡುತ್ತದೆ ಎಂಬ ಉದ್ದೇಶವನ್ನು ಹಿಡಿದು ಹೋಗುತ್ತಾರೆ ಎಂಬುದನ್ನೂ, ಚಲನೆಯೊಂದಿಗೆ ಕಲಿತ ಮಾತು ಹೆಚ್ಚು ಚೆನ್ನಾಗಿ ಉಳಿಯುತ್ತದೆ ಎಂಬುದನ್ನೂ ಅವರು ಕಂಡುಕೊಂಡರು. ಅಭಿನಯವನ್ನೇ ಅರಿಯದ ಹಿರಿಯರಿಗೆ ನಾಲ್ಕು ವಾರ ಅಭಿನಯ ಕಲಿಸಿದಾಗ ಅವರ ನೆನಪಿನ ಪರೀಕ್ಷೆಗಳ ಫಲಿತಾಂಶ ಸುಧಾರಿಸಿತು ಎಂಬುದು ಅವರ ಇನ್ನೊಂದು ಅಧ್ಯಯನದಿಂದ ತಿಳಿದುಬಂದದ್ದು. ಮರಳುವವರಿಗೆ ಧೈರ್ಯ ಕೊಡಲು ಇಷ್ಟು ಸಾಕು.

ಆದ್ದರಿಂದ ಮೊದಲು ಪ್ರತಿ ಮಾತಿನ ಪಕ್ಕದಲ್ಲಿ ಅದು ಮಾಡುವ ಕೆಲಸವನ್ನು ಒಂದು ಕ್ರಿಯಾಪದದಲ್ಲಿ ಬರೆದುಕೊಳ್ಳಿ: ತಡೆಯುವುದು, ಸಮಾಧಾನಪಡಿಸುವುದು, ಜಾರಿಕೊಳ್ಳುವುದು. ಅನಂತರ ನಿಂತು, ನಡೆದಾಡುತ್ತ ಗಟ್ಟಿಯಾಗಿ ಹೇಳಿ. ಒಂದೇ ಸಲ ಎರಡು ಗಂಟೆ ಕೂರುವ ಬದಲು ಬೆಳಿಗ್ಗೆ, ಸಂಜೆ, ಮರುದಿನ, ಎರಡು ದಿನ ಬಿಟ್ಟು ಹೀಗೆ ಅಂತರವಿಟ್ಟು ಮರಳಿ ಹೇಳುವುದು ಹೆಚ್ಚು ಫಲ ಕೊಡುತ್ತದೆ; ಮನೋವಿಜ್ಞಾನಿ ಹೆರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ ಅಧ್ಯಯನದ ಕಾಲದಿಂದಲೂ ಇದು ತಿಳಿದ ಸಂಗತಿ. ಮಲಗುವ ಮೊದಲು ಒಮ್ಮೆ ಓದಿ ಮಲಗಿ, ಕಲಿತದ್ದು ನಿದ್ದೆಯಲ್ಲಿ ಗಟ್ಟಿಯಾಗುತ್ತದೆ.

ಸಣ್ಣ ಪಾತ್ರಕ್ಕೆ ಒಂದು ವಿಶೇಷವಾದ ತೊಡಕಿದೆ. ದೊಡ್ಡ ಪಾತ್ರದಲ್ಲಿ ಒಂದು ಮಾತು ಇನ್ನೊಂದನ್ನು ಎಳೆದು ತರುತ್ತದೆ; ಸಣ್ಣ ಪಾತ್ರದಲ್ಲಿ ಹತ್ತು ನಿಮಿಷ ಸುಮ್ಮನಿದ್ದು, ಥಟ್ಟನೆ ಒಂದು ಸಾಲು ಹೇಳಬೇಕು. ಹೀಗಾಗಿ ನಿಮ್ಮ ಮಾತಿಗಿಂತ ಅದರ ಹಿಂದಿನ ಮಾತನ್ನು, ಅಂದರೆ ಕ್ಯೂವನ್ನು, ಹೆಚ್ಚು ಜಾಗರೂಕತೆಯಿಂದ ಕಲಿಯಬೇಕು. ಯಾವ ಪದ ಕೇಳಿದಾಗ ನಿಮಗೆ ಮಾತನಾಡಬೇಕೆನಿಸುತ್ತದೆ ಎಂಬುದನ್ನು ಗುರುತಿಸಿ. ಅದು ಹೆಚ್ಚಾಗಿ ಕ್ಯೂವಿನ ಕೊನೆಯ ಪದವಾಗಿರದೆ ನಡುವಿನ ಯಾವುದೋ ಪದವಾಗಿರುತ್ತದೆ. ಅಲ್ಲಿ ಉಸಿರು ತೆಗೆದುಕೊಂಡರೆ ಮಾತು ತಾನಾಗಿ ಸರಿಯಾದ ಹೊತ್ತಿಗೆ ಬರುತ್ತದೆ. ಮನೆಯವರೊಬ್ಬರಿಗೆ ಕ್ಯೂ ಓದಲು ಹೇಳಿ, ಬೇಕೆಂದೇ ನಡುನಡುವೆ ಬೇರೆ ಮಾತಾಡಿಸಲು ಹೇಳಿ ಅಭ್ಯಾಸ ಮಾಡಿಕೊಳ್ಳಿ.

ತಾಲೀಮಿನಲ್ಲಿ ಮತ್ತು ಸೆಟ್‌ನಲ್ಲಿ

ರಂಗಭೂಮಿಗೆ ಮರಳುವವರು ಮೊದಲ ವಾಚನದ ದಿನವೇ ಪೂರ್ತಿ ಅಭಿನಯ ತೋರಿಸಬೇಕಾಗಿಲ್ಲ. ಸ್ಪಷ್ಟವಾಗಿ ಓದಿ, ಉಳಿದವರ ಮಾತನ್ನು ಕೇಳಿ. ಚಲನೆಗಳನ್ನು ನಿಗದಿಮಾಡುವಾಗ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ, ಏಕೆಂದರೆ ಅವು ಬದಲಾಗುತ್ತವೆ. ನಿಮ್ಮ ಪ್ರವೇಶ ಯಾವ ಬದಿಯಿಂದ, ಅದಕ್ಕೆ ಮೊದಲು ಎಲ್ಲಿ ನಿಲ್ಲಬೇಕು, ರಂಗಪರಿಕರವನ್ನು ಯಾರು ಕೊಡುತ್ತಾರೆ, ನಿರ್ಗಮಿಸಿದ ಮೇಲೆ ಅದನ್ನು ಎಲ್ಲಿಡಬೇಕು ಎಂಬುದನ್ನು ತಾಂತ್ರಿಕ ತಾಲೀಮಿನ ದಿನ ಖಚಿತಪಡಿಸಿಕೊಳ್ಳಿ. ಸಣ್ಣ ಪಾತ್ರಧಾರಿ ರಂಗದ ಹಿಂದೆ ಕಳೆಯುವ ಹೊತ್ತೇ ಹೆಚ್ಚಾದ್ದರಿಂದ ಅಲ್ಲಿನ ಶಿಸ್ತು ಅವರ ಅಭಿನಯದ ಭಾಗವೇ ಆಗುತ್ತದೆ.

ಕ್ಯಾಮೆರಾದ ಮುಂದೆ ಬೇರೆ ಬಗೆಯ ಎಚ್ಚರ ಬೇಕು. ನಾಟಕದಿಂದ ಬಂದವರ ದನಿ ಮತ್ತು ಮುಖಚಲನೆ ಸಮೀಪ ಚಿತ್ರಿಕೆಯಲ್ಲಿ, ಅಂದರೆ ಕ್ಲೋಸಪ್‌ನಲ್ಲಿ, ಅತಿಯಾಗಿ ಕಾಣುತ್ತದೆ. ಯಾವ ಅಳತೆಯ ಶಾಟ್ ಎಂದು ಛಾಯಾಗ್ರಾಹಕರನ್ನೋ ಸಹಾಯಕರನ್ನೋ ಮೆಲ್ಲಗೆ ಕೇಳಬಹುದು, ಅದರಲ್ಲಿ ತಪ್ಪಿಲ್ಲ. ನೆಲದ ಮೇಲೆ ಹಾಕಿದ ಗುರುತಿಗೆ ಕೆಳಗೆ ನೋಡದೆ ಬಂದು ನಿಲ್ಲಲು, ಆರಂಭದ ಜಾಗದಿಂದ ಎಷ್ಟು ಹೆಜ್ಜೆ ಎಂದು ಹಿಂದುಹಿಂದಕ್ಕೆ ನಡೆದು ಎಣಿಸಿಕೊಳ್ಳಿ. ಯಾವ ಪದಕ್ಕೆ ಲೋಟ ಎತ್ತಿದಿರಿ, ಯಾವ ಕೈಯಲ್ಲಿ ಕಾಗದ ಹಿಡಿದಿದ್ದಿರಿ ಎಂಬುದು ಪ್ರತಿ ಟೇಕ್‌ನಲ್ಲೂ ಒಂದೇ ಆಗಿರಬೇಕು, ಇಲ್ಲವಾದರೆ ಕಂಟಿನ್ಯುಟಿ ತಪ್ಪಿ ನಿಮ್ಮ ಅತ್ಯುತ್ತಮ ಟೇಕ್ ಸಂಕಲನದಲ್ಲಿ ಬಳಕೆಗೆ ಬಾರದೆ ಹೋಗಬಹುದು. ಈ ಕಾರಣಕ್ಕೇ ಮೊದಲ ಟೇಕ್‌ನಲ್ಲಿ ಕೈಗಳಿಗೆ ಹೆಚ್ಚು ಕೆಲಸ ಕೊಡದಿರುವುದು ಜಾಣತನ.

ಕಾಯುವುದಂತೂ ಇದ್ದೇ ಇದೆ. ಬೆಳಿಗ್ಗೆ ಕರೆಸಿ ಸಂಜೆಗೆ ನಿಮ್ಮ ಶಾಟ್ ಬರಬಹುದು. ಔಷಧ, ಶಾಲು, ನೀರು, ಓದಲೊಂದು ಪುಸ್ತಕ ಜೊತೆಗಿರಲಿ, ಮೊಬೈಲ್ ಸುದ್ದಿಗಳಲ್ಲಿ ಮನಸ್ಸು ಕದಡಿಕೊಳ್ಳಬೇಡಿ. ಕರೆ ಬರುವ ಅರ್ಧ ಗಂಟೆ ಮುಂಚೆ ದನಿಯನ್ನು ಒಮ್ಮೆ ಬೆಚ್ಚಗಾಗಿಸಿಕೊಳ್ಳಿ. ನಿರ್ದೇಶಕರು ನಿಮಗಿಂತ ಇಪ್ಪತ್ತು ವರ್ಷ ಕಿರಿಯರಾಗಿರಬಹುದು. ಅವರಿಗೆ ಹಳೆಯ ಕಾಲದ ಕ್ರಮಗಳನ್ನು ಹೇಳಿಕೊಡುವ ಆಸೆಯನ್ನು ತಡೆದುಕೊಳ್ಳಿ. ಅವರಾಗಿ ಕೇಳಿದರೆ ಹೇಳಿ. ಸೂಚನೆ ಅರ್ಥವಾಗದಿದ್ದರೆ 'ಇದನ್ನು ಇನ್ನೊಮ್ಮೆ ಹೇಳುತ್ತೀರಾ?' ಎಂದು ನೇರವಾಗಿ ಕೇಳುವುದು ಗೌರವಯುತವಾದ ನಡೆ.

ಅಂಜಿಕೆ ಬಂದಾಗ

ಅನುಭವ ಇದ್ದವರಿಗೆ ಅಂಜಿಕೆ ಬರುವುದಿಲ್ಲವೆಂಬುದು ಸುಳ್ಳು. ಲಾರೆನ್ಸ್ ಒಲಿವಿಯೆಯಂಥ ನಟರು ಕೀರ್ತಿಯ ಶಿಖರದಲ್ಲಿದ್ದಾಗ, 1960ರ ದಶಕದಲ್ಲಿ, ರಂಗಭಯಕ್ಕೆ ಸಿಲುಕಿ ವರ್ಷಗಟ್ಟಲೆ ಹೆಣಗಿದರು, ಆದರೂ ರಂಗವನ್ನು ಬಿಡಲಿಲ್ಲ. ಪ್ರವೇಶಕ್ಕೆ ಮುನ್ನ ಎದೆ ಹೊಡೆದುಕೊಂಡರೆ, ಉಸಿರನ್ನು ಒಳಗೆಳೆದುಕೊಳ್ಳುವುದಕ್ಕಿಂತ ಎರಡರಷ್ಟು ನಿಧಾನವಾಗಿ ಹೊರಬಿಡಿ. ನಾಲ್ಕಾರು ಸಲ ಹೀಗೆ ಮಾಡಿದರೆ ಎದೆಬಡಿತ ತಗ್ಗುತ್ತದೆ. ಅನಂತರ ಗಮನವನ್ನು ನಿಮ್ಮಿಂದ ತೆಗೆದು ಪಾತ್ರದ ತಕ್ಷಣದ ಬೇಡಿಕೆಯ ಮೇಲೆ ಇಡಿ: ಕಾವಲುಗಾರನಿಗೆ ಈಗ ಬೇಕಾಗಿರುವುದು ಏನು? ಯಾರೋ ಕೊಟ್ಟ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ನುಂಗಬೇಡಿ. ಮಾತು ಮರೆತೇಹೋದರೆ ಎದುರಿನವರ ಕಣ್ಣನ್ನು ನೋಡಿ, ಅವರು ಕೇಳಿದ್ದಕ್ಕೆ ಪಾತ್ರದ ಅರ್ಥದಲ್ಲಿ ಉತ್ತರ ಕೊಡಿ. ಉದ್ದೇಶ ಹಿಡಿದು ಕಲಿತವರಿಗೆ ಇದು ಸಾಧ್ಯ. ಕ್ಯಾಮೆರಾದ ಮುಂದಾದರೆ ಕ್ಷಮೆ ಕೇಳುತ್ತ ನಿಲ್ಲದೆ, ನಿರ್ದೇಶಕರು 'ಕಟ್' ಎನ್ನುವವರೆಗೆ ಪಾತ್ರದಲ್ಲೇ ಇರಿ.

ಮುಗಿದ ಮೇಲೆ

ಚಿತ್ರವಾದರೆ ಬಂಧುಮಿತ್ರರನ್ನೆಲ್ಲ ಮೊದಲ ಪ್ರದರ್ಶನಕ್ಕೆ ಕರೆಯುವ ಮುನ್ನ ನಿಮ್ಮ ದೃಶ್ಯ ಅಂತಿಮ ಸಂಕಲನದಲ್ಲಿ ಉಳಿದಿದೆಯೇ ಎಂದು ಸಹಾಯಕ ನಿರ್ದೇಶಕರನ್ನು ವಿಚಾರಿಸಿ. ಕಥೆಯ ಉದ್ದ ತಗ್ಗಿಸುವಾಗ ಸಣ್ಣ ಪಾತ್ರಗಳೇ ಮೊದಲು ಹೋಗುತ್ತವೆ, ಅಭಿನಯದ ಗುಣಕ್ಕೂ ಅದಕ್ಕೂ ಬಹಳ ಸಲ ಸಂಬಂಧವಿರುವುದಿಲ್ಲ. ಕೃತಿ ಬಿಡುಗಡೆಯಾದ ಮೇಲೆ ನಿಮ್ಮ ಭಾಗದ ತುಣುಕನ್ನು ಅನುಮತಿಯೊಂದಿಗೆ ಪಡೆದು ಇಟ್ಟುಕೊಳ್ಳಿ. ಹಳೆಯ ಕಾಲದ ಹತ್ತು ಛಾಯಾಚಿತ್ರಗಳಿಗಿಂತ ಈಗಿನ ಒಂದು ನಿಮಿಷದ ತುಣುಕು ಮುಂದಿನ ಆಯ್ಕೆಗೆ ಹೆಚ್ಚು ನೆರವಾಗುತ್ತದೆ. ಇಬ್ಬನಿಯ ರಾತ್ರಿಯ ಚಿತ್ರೀಕರಣ ದೇಹಕ್ಕೆ ಒಗ್ಗಿತೇ, ದನಿ ಎಷ್ಟನೆಯ ಟೇಕ್‌ಗೆ ದಣಿಯಿತು, ಯಾವ ಸೂಚನೆಯನ್ನು ಹಿಡಿಯಲು ತಡವಾಯಿತು ಎಂಬುದನ್ನು ಅದೇ ವಾರ ಬರೆದಿಟ್ಟುಕೊಂಡು, ಆ ಟಿಪ್ಪಣಿಯನ್ನು ಮುಂದಿಟ್ಟುಕೊಂಡೇ ಮುಂದಿನ ಪಾತ್ರವನ್ನು ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸಿ. ದನಿಯ ಅಭ್ಯಾಸವನ್ನು ಮಾತ್ರ ಆ ತೀರ್ಮಾನಕ್ಕಾಗಿ ಕಾಯದೆ, ದಿನಕ್ಕೆ ಹತ್ತು ನಿಮಿಷವಾದರೂ ಮುಂದುವರಿಸಿ.